ಒತ್ತಿದ ಪೆಡಲು ಮೇಲೇಳದ ಬಗ್ಗೆ ಅತ್ತೆಯವರಿಗೆ ಒಂದು ಮನವಿ

ಇಂದ:
ತಮ್ಮ ಒಬ್ಬನೇ ಅಳಿಯ,
ಕೃತಕ ದಂತ ತಯಾರಕ,
ಮಹಡಿಯ ಹಿಂದಿನ ಕೋಣೆ.

ಗೆ:
ಮಾನ್ಯ ಅತ್ತೆಯವರು,
ನಿವೃತ್ತ ಶಾಖಾ ಮುಖ್ಯಸ್ಥರು, ಹಾಲಿ ಈ ಮನೆಯ ಹೊಲಿಗೆ ವಿಭಾಗದ ಮುಖ್ಯಸ್ಥರು,
ಕೆಳಗಿನ ಮುಂದಿನ ಕೋಣೆ.

ಮೂಲಕ: ತಮ್ಮ ಮಗಳು. (ಷರಾ: "ಓದಿದ್ದೇನೆ. ಶಿಫಾರಸು ಮಾಡಿದ್ದೇನೆ. ನನ್ನನ್ನು ಇದರಲ್ಲಿ ಎಳೀಬೇಡಿ.")

ದಿನಾಂಕ: ಶನಿವಾರ, ತಾವು ಬೆಳಗಿನ ವಾಕಿಂಗಿಗೆ ಹೋಗಿರುವಾಗ.

ವಿಷಯ: ಮನೆಯ ಕಾರಿನ ಆಕ್ಸಿಲರೇಟರ್ ಒತ್ತಿದಲ್ಲೇ ಸಿಕ್ಕಿಕೊಳ್ಳುತ್ತಿರುವ ಬಗ್ಗೆ, ಅದಕ್ಕೆ ಕಾರಣ ಪತ್ತೆಯಾಗಿರುವ ಬಗ್ಗೆ, ಹಾಗೂ ಸೋಮವಾರ ತಾವು ಕಾರು ಹೊರಡಿಸುವುದರೊಳಗೆ ಸದರಿ ಕಾರಣವನ್ನು ಬೇರೆಡೆಗೆ ವರ್ಗಾಯಿಸಲು ಅನುಮತಿ ಕೋರಿ.

ಉಲ್ಲೇಖ:
1. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುವ ತಮ್ಮ ಸುತ್ತೋಲೆ: "ಬಾಯಿಮಾತಿನ ದೂರುಗಳನ್ನು ಪರಿಗಣಿಸಲಾಗುವುದಿಲ್ಲ."
2. ಊಟದ ಮೇಜಿನಲ್ಲಿ ತಾವು ಹೊರಡಿಸಿದ ಪ್ರಕಟಣೆ: "ಸೋಮವಾರ ನಾನೇ ಕಾರು ಓಡಿಸ್ಕೊಂಡು ಅಕ್ಕನ ಮನೆಗೆ ಹೋಗ್ತೀನಿ."
3. ಸದರಿ ಪ್ರಕಟಣೆಯ ನಂತರ ಮಾವನವರು ಬಿಟ್ಟ ನಿಟ್ಟುಸಿರು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಈ ವಯಸ್ಸಿನಲ್ಲಿ ಡ್ರೈವಿಂಗ್ ಪರೀಕ್ಷೆಗೆ ಕೂತು ಮೊದಲ ಸಲಕ್ಕೇ ಪಾಸಾಗಿದ್ದೀರಿ. ಮನೆಮಂದಿಗೆಲ್ಲ ಇದು ಹೆಮ್ಮೆಯ ವಿಷಯ. ಆದರೆ ತಾವು ಕಲಿತದ್ದು ಡ್ರೈವಿಂಗ್ ಶಾಲೆಯ ಕಾರಿನಲ್ಲಿ. ಆ ಕಾರಿನ ನೆಲದ ಮೇಲೆ ಏನೂ ಹಾಸಿರಲಿಲ್ಲ. ತಾವೇ ಮನೆಗೆ ಬಂದು "ಪಾಪ, ಬರೀ ತಗಡು" ಎಂದು ಮರುಗಿದ್ದಿರಿ. ನಮ್ಮ ಕಾರು ಹಾಗಲ್ಲ. ಅದು ಹೇಗೆ ಹಾಗಲ್ಲ ಎಂಬುದನ್ನು ತಮ್ಮೆದುರು ಬಾಯಿಬಿಟ್ಟು ಹೇಳುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಇಲ್ಲದ ಕಾರಣ, ಚೀಟಿ ಎತ್ತಿದಾಗ ನನ್ನ ಹೆಸರು ಬಂದ ಕಾರಣ, ಮತ್ತು ಎಲ್ಲ ಚೀಟಿಗಳಲ್ಲೂ ನನ್ನ ಹೆಸರನ್ನೇ ಬರೆಯಲಾಗಿತ್ತೆಂದು ಆಮೇಲೆ ತಿಳಿದುಬಂದ ಕಾರಣ, ಈ ಅರ್ಜಿಯನ್ನು ನಾನು ಸಲ್ಲಿಸುತ್ತಿದ್ದೇನೆ.

1. ಮೊದಲನೆಯ ಘಟನೆ. ಕಳೆದ ತಿಂಗಳು ನಾನು, ತಮ್ಮ ಮಗಳು ಮತ್ತು ಹಿಂದಿನ ಸೀಟಿನಲ್ಲಿ ಮಾವನವರು ಪೇಟೆಗೆ ಹೊರಟಿದ್ದೆವು. ದಾರಿಯಲ್ಲಿ ದಂತವೈದ್ಯರ ಕ್ಲಿನಿಕ್ಕಿಗೆ ಒಂದು ಹಲ್ಲಿನ ಸೆಟ್ಟು ತಲುಪಿಸುವುದಿತ್ತು. ಸೇತುವೆಯ ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಏರು ಮುಗಿದ ಮೇಲೆ ಕಾಲು ತೆಗೆದೆ. ಕಾಲು ಮೇಲೆ ಬಂತು, ಪೆಡಲು ಬರಲಿಲ್ಲ. ಕಾರು ಏರಿನ ಹುರುಪಿನಲ್ಲೇ ಇಳಿಜಾರನ್ನೂ ಹಿಡಿಯಿತು.

"ಯಾಕ್ರೀ ಇಷ್ಟು ಜೋರು?" ಎಂದಳು ತಮ್ಮ ಮಗಳು.

"ನಾನಲ್ಲ," ಎಂದೆ.

"ಮತ್ಯಾರು, ನಾನಾ?"

ಹಿಂದಿನಿಂದ ಮಾವನವರು, "ಅಳಿಯಂದ್ರು ಇವತ್ತು ಉತ್ಸಾಹದಲ್ಲಿದಾರೆ, ಬಿಡು," ಎಂದರು.

ಬ್ರೇಕ್ ಒತ್ತಿದರೆ ಕಾರು ನಿಲ್ಲಲೂ ಒಲ್ಲದು, ಓಡಲೂ ಒಲ್ಲದು, ಗೋಳಿಡುತ್ತಾ ಮುಂದಕ್ಕೆ ಜಗ್ಗುತ್ತಿತ್ತು. ನನಗೆ ಬುದ್ಧಿ ಓಡಲಿಲ್ಲ. ಕ್ಲಿನಿಕ್ಕಿನ ಮುಂದಿನ ವೃತ್ತವನ್ನು ಸುತ್ತತೊಡಗಿದೆ. ದಂತವೈದ್ಯರು ಬಾಗಿಲಲ್ಲೇ ನಿಂತಿದ್ದರು. ಅವರ ಪಕ್ಕದಲ್ಲಿ, ಹಲ್ಲು ಬಂದ ಮೇಲೆ ತಿಂಡಿ ತಿನ್ನೋಣವೆಂದು ಕಾದಿದ್ದ ಹಿರಿಯರೊಬ್ಬರು. ಮೊದಲ ಸುತ್ತಿನಲ್ಲಿ ವೈದ್ಯರು ನಮಗೆ ಕೈ ಬೀಸಿದರು. ಎರಡನೆಯ ಸುತ್ತಿನಲ್ಲಿ ವಾಚು ನೋಡಿಕೊಂಡರು. ಮೂರನೆಯ ಸುತ್ತಿನಲ್ಲಿ ತಮ್ಮ ಮಗಳು ಕಿಟಕಿಯ ಗಾಜಿಳಿಸಿ ಹಲ್ಲಿನ ಡಬ್ಬಿಯನ್ನು ಎಸೆದುಬಿಟ್ಟಳು. ಹಿರಿಯರು ಅದನ್ನು ಎದೆಗವಚಿ ಹಿಡಿದುಕೊಂಡರು. ಅಷ್ಟಾದ ಮೇಲೆ ನನಗೆ ಕ್ಲಚ್ ಎಂಬುದೊಂದು ಇದೆಯೆಂದು ನೆನಪಾಯಿತು. ಕ್ಲಚ್ ಒತ್ತಿ, ಗೇರ್ ತೆಗೆದು, ಬ್ರೇಕ್ ಹಿಡಿದು, ಗಾಡಿ ನಿಂತ ಮೇಲೆ ಕೀಲಿ ತಿರುಗಿಸಿ ಇಂಜಿನ್ ಆರಿಸಿದೆ. ಕ್ಷೌರದಂಗಡಿಯವನು ಅರ್ಧ ಸೋಪು ಹಚ್ಚಿದ ಗಿರಾಕಿಯೊಂದಿಗೆ ಹೊರಗೆ ಬಂದು ನಮ್ಮನ್ನು ನೋಡುತ್ತಾ ನಿಂತಿದ್ದ.

2. ತಪಾಸಣೆ. ಕಾರನ್ನು ಮೆಕ್ಯಾನಿಕ್ಕನ ಬಳಿ ಒಯ್ದೆ. ಈ ಮೆಕ್ಯಾನಿಕ್ಕನದು ಅಚ್ಚುಕಟ್ಟಾದ ಕೆಲಸ. ಕಾರು ಮುಟ್ಟುವ ಮೊದಲು ನೆಲಕ್ಕೆ ಹಾಸಿದ್ದನ್ನೆಲ್ಲ ಎತ್ತಿ ಮಡಿಸಿ ಡಿಕ್ಕಿಯಲ್ಲಿಡುತ್ತಾನೆ, ಎಣ್ಣೆಯ ಕಲೆ ಬೀಳಬಾರದಲ್ಲ. ಇದನ್ನು ದಯಮಾಡಿ ಗಮನದಲ್ಲಿಟ್ಟುಕೊಳ್ಳಬೇಕು. ನಮಗೆ ಮಾತ್ರ ಬಹಳ ಕಾಲ ಇದು ಗಮನಕ್ಕೆ ಬರಲಿಲ್ಲ.

"ಪೆಡಲು ಒತ್ತಿದ್ರೆ ಕೇಬಲ್ ಎಳೆಯುತ್ತೆ," ಎಂದು ಅವನು ವಿವರಿಸಿದ. "ಕೇಬಲ್ ಎಳೆದ್ರೆ ಬಾನೆಟ್ ಒಳಗಡೆ ಒಂದು ತಟ್ಟೆ ತೆರ್ಕೊಂಡು ಇಂಜಿನ್ನಿಗೆ ಗಾಳಿ ಬಿಡುತ್ತೆ. ಕಾಲು ತೆಗೆದ್ರೆ ಸ್ಪ್ರಿಂಗು ಅದನ್ನ ವಾಪಸ್ ಮುಚ್ಚುತ್ತೆ. ಇದ್ರಲ್ಲಿ ಯಾರೋ ಒಬ್ರು ಕಚ್ಕೊಂಡಿದಾರೆ. ಯಾರು ಅಂತ ಹಿಡೀಬೇಕು."

(ಅ) ಮೊದಲು ತಟ್ಟೆಯನ್ನು ಸಂಶಯಿಸಲಾಯಿತು. ಅದರ ಅಂಚಿಗೆಲ್ಲ ಮಸಿ ಹಿಡಿದಿತ್ತು. ಔಷಧಿ ಸಿಂಪಡಿಸಿ, ನಾನೇ ಒದಗಿಸಿದ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಹೊಳೆಯುವಂತೆ ಮಾಡಲಾಯಿತು. ಗ್ಯಾರೇಜಿನಲ್ಲಿ ಎಷ್ಟು ಸಲ ಒತ್ತಿದರೂ ಪೆಡಲು ಸರಿಯಾಗಿ ಮೇಲೆದ್ದು ಬಂತು.

(ಆ) ಮಾರನೆಯ ದಿನ ಮತ್ತೆ ಸಿಕ್ಕಿಕೊಂಡಿತು. ಆದ್ದರಿಂದ ಕೇಬಲನ್ನು ತಟ್ಟೆಯಿಂದ ಕಳಚಿ ಎಳೆದು ನೋಡಲಾಯಿತು. ಒಳಗೆ ಎಳೆಗಳೇನೂ ಬಿಚ್ಚಿರಲಿಲ್ಲ, ಸಲೀಸಾಗಿಯೇ ಜಾರುತ್ತಿತ್ತು. ಆದರೂ ಬದಲಾಯಿಸಲಾಯಿತು. ಗ್ಯಾರೇಜಿನಲ್ಲಿ ಮತ್ತೆ ಎಲ್ಲವೂ ಸರಿ.

(ಇ) ಮತ್ತೆ ಸಿಕ್ಕಿಕೊಂಡ ಕಾರಣ ಸ್ಪ್ರಿಂಗು ಬದಲಾಯಿಸಲಾಯಿತು.

(ಈ) ಮತ್ತೂ ಸಿಕ್ಕಿಕೊಂಡ ಕಾರಣ ನನ್ನನ್ನು ಸಂಶಯಿಸಲಾಯಿತು. "ಗಾಡೀಲಿ ಏನೂ ಇಲ್ಲ ಸಾರ್. ನಿಮ್ಮ ಕಾಲಲ್ಲೇ ಏನೋ ಇದೆ," ಎಂದ ಮೆಕ್ಯಾನಿಕ್ಕು. ತಮ್ಮ ಮಗಳು ನನ್ನ ಬೂಟುಗಳನ್ನು ಬಚ್ಚಿಟ್ಟಳು. ದಂತವೈದ್ಯರು "ಇದು ಮನಸ್ಸಿನ ಒತ್ತಡ, ನಿದ್ದೇಲಿ ಹಲ್ಲು ಕಡೀತೀರಾ?" ಎಂದು ಕೇಳಿದರು. ಮಾವನವರು ಮಾತ್ರ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಅವರಿಗೆ ಮೊದಲ ದಿನದಿಂದಲೂ ಗೊತ್ತಿತ್ತೆಂದು ಈಗ ನನಗೆ ಅನಿಸುತ್ತಿದೆ.

3. ಪ್ರತಿ ಸಲ ಕಾರು ಗ್ಯಾರೇಜಿನಿಂದ ಮನೆಗೆ ಬಂದಾಗಲೂ ತಾವು ಗೇಟಿನಲ್ಲಿ ಕಾದು ನಿಂತಿರುತ್ತೀರಿ. ಡಿಕ್ಕಿ ತೆಗೆಸುತ್ತೀರಿ. ತಾವೇ ಕೈಯಾರೆ ಹೊಲಿದ ಮ್ಯಾಟನ್ನು ಹೊರತೆಗೆದು, ಕೊಡವಿ, ಚಾಲಕರ ಕಾಲಡಿಗೆ ಹಾಸಿ, ಮೂಲೆಗಳನ್ನು ಪಾದದಿಂದ ತಟ್ಟಿ ಕೂರಿಸುತ್ತೀರಿ. "ಈಗ ನೋಡು, ಗಾಡಿಗೊಂದು ಕಳೆ ಬಂತು," ಎನ್ನುತ್ತೀರಿ.

ಸದರಿ ಮ್ಯಾಟಿನ ವಿವರ: ಮಂದ ಬಟ್ಟೆಯ ಎರಡು ಪದರ, ನಡುವೆ ಹಳೆಯ ಹಾಸಿಗೆಯ ಫೋಮು. ಸುತ್ತಲೂ ಬೆರಳಗಲದ ನೆರಿಗೆ. ಪೆಡಲುಗಳ ಕಡೆಯ ನೆರಿಗೆಗೆ ತಾಗಿದಂತೆ ಬಿಳಿ ದಾರದಲ್ಲಿ "ನಿಧಾನವಾಗಿ ಚಲಿಸಿ" ಎಂಬ ಕಸೂತಿ. ಹೊಲಿಗೆ ಒಂದೂ ಬಿಚ್ಚಿಲ್ಲ, ಬಿಚ್ಚುವುದೂ ಇಲ್ಲ. ಅದೇ ನಮ್ಮ ಪಾಲಿನ ಕಷ್ಟ.

4. ನನ್ನ ವೃತ್ತಿಯಲ್ಲಿ ಒಂದು ಪದ್ಧತಿ ಉಂಟು. ಹೊಸ ಹಲ್ಲಿನ ಸೆಟ್ಟು ಬಾಯಲ್ಲಿ ಸರಿಯಾಗಿ ಕೂರದಿದ್ದರೆ ಯಾವ ಹಲ್ಲು ಎತ್ತರವಾಗಿದೆಯೆಂದು ಕಣ್ಣಿಗೆ ಕಾಣುವುದಿಲ್ಲ, ರೋಗಿಗೂ ಹೇಳಲು ಬರುವುದಿಲ್ಲ. ತೆಳ್ಳನೆಯ ನೀಲಿ ಕಾಗದವೊಂದನ್ನು ಮೇಲಿನ ಕೆಳಗಿನ ಹಲ್ಲುಗಳ ನಡುವೆ ಇಟ್ಟು ಕಚ್ಚಿಸುತ್ತೇವೆ. ಎಲ್ಲಿ ಹೆಚ್ಚಾಗಿ ತಾಗುತ್ತದೋ ಅಲ್ಲಿ ನೀಲಿ ಗುರುತು ಬೀಳುತ್ತದೆ. ಆ ಗುರುತನ್ನು ಉಜ್ಜಿದರೆ ಮುಗಿಯಿತು. ಎಲ್ಲ ದಾರಿಗಳೂ ಮುಚ್ಚಿದ ಮೇಲೆ, ತಾವು ವಾಕಿಂಗಿಗೆ ಹೋದ ಒಂದು ಬೆಳಿಗ್ಗೆ, ನಾನು ಕಾರಿನ ನೆಲದಲ್ಲಿ ಮುಖ ಕೆಳಗಾಗಿ ಮಲಗಿ ಅದೇ ಕಾಗದವನ್ನು ಪೆಡಲಿನ ಕೆಳಗಿಟ್ಟು ಕಾರಿಗೆ "ಕಚ್ಚು" ಎಂದೆ. ಅಂದರೆ ಪೆಡಲನ್ನು ಕೈಯಿಂದ ಒತ್ತಿದೆ.

ಪೆಡಲಿನ ಕೆಳ ಅಂಚು ಫೋಮಿನೊಳಗೆ ಹೂತು, ನೆರಿಗೆಯ ಅಡಿಗೆ ಹೋಗಿ ಅಲ್ಲೇ ಕೂತುಬಿಟ್ಟಿತು. ಎತ್ತಿ ನೋಡಿದರೆ "ನಿಧಾನವಾಗಿ" ಎಂಬುದರ ಮೇಲೆ ನೀಲಿ ಗುರುತು. ಮ್ಯಾಟು ತೆಗೆದು ಒತ್ತಿದೆ, ಪೆಡಲು ಮೇಲೆದ್ದಿತು. ಹಾಸಿ ಒತ್ತಿದೆ, ಏಳಲಿಲ್ಲ. ತಟ್ಟೆ, ಕೇಬಲ್, ಸ್ಪ್ರಿಂಗು ಮೂರೂ ನಿರಪರಾಧಿಗಳು. ಕಸೂತಿಯ ಮೇಲಿನ ಕಲೆಯನ್ನು ಕಂಡು ತಾವು "ಇದ್ಯಾರ ಕೆಲಸ?" ಎಂದು ಕೇಳಿದಾಗ ಪಕ್ಕದ ಮನೆಯ ಬೆಕ್ಕಿನ ಮೇಲೆ ಹೊರಿಸಿದ್ದು ಮಾವನವರು. ಬೆಕ್ಕಿಗೂ ಇದಕ್ಕೂ ಸಂಬಂಧವಿಲ್ಲ.

5. ಮೂರನೆಯವರು ಹೇಳಿದರೆ ತಾವು ಒಪ್ಪಬಹುದೆಂದು ಮೆಕ್ಯಾನಿಕ್ಕನನ್ನು ಮನೆಗೇ ಕರೆಸಿದೆ. ಅವನು ಸ್ಟೇರಿಂಗಿನ ಕೆಳಗೆ ತಲೆ ತೂರಿಸಿ, ನೋಡಿ, "ಅಯ್ಯೋ ಸಾರ್, ಇಷ್ಟೇನಾ," ಎಂದು ಹೊರಗೆ ಬಂದ. ಅದೇ ಹೊತ್ತಿಗೆ ತಾವು ಕೈಯಲ್ಲೊಂದು ಹೊಸ ಬಟ್ಟೆಯ ಚೀಲ ಹಿಡಿದು ಅಲ್ಲಿಗೆ ಬಂದಿರಿ.

"ಏನಪ್ಪಾ, ಸಿಕ್ತಾ?" ಎಂದು ಕೇಳಿದಿರಿ.

"ಸಿಕ್ತಮ್ಮ. ಈ ಮ್ಯಾಟು ಇದೆಯಲ್ಲ..."

"ಮ್ಯಾಟು ಇರ್ಲಿ, ಇದನ್ನ ನೋಡು. ಪಾಪ, ಸ್ಪ್ಯಾನರುಗಳನ್ನ ಗೋಣಿಚೀಲದಲ್ಲಿ ಸುತ್ಕೊಂಡು ಓಡಾಡ್ತೀಯ. ಒಂದೊಂದಕ್ಕೂ ಒಂದೊಂದು ಜೇಬು ಇಟ್ಟು ಹೊಲಿದಿದೀನಿ."

ಅವನು ಆ ಚೀಲವನ್ನು ಬಿಡಿಸಿ ನೋಡಿದ. ಜೇಬುಗಳು ಅಳತೆಗೆ ಸರಿಯಾಗಿ, ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿದ್ದವು. ಅವನ ಕಣ್ಣಲ್ಲಿ ನೀರು ನಿಂತಿತು. ನನ್ನ ಮುಖ ನೋಡದೆ "ಕೇಬಲ್ಲೇ ಇರ್ಬೇಕಮ್ಮ," ಎಂದ. ಆದಕಾರಣ ಕಾರಿನಲ್ಲಿ ಈಗ ಇರುವುದು ಇನ್ನೊಂದು ಹೊಸ ಕೇಬಲ್.

6. ನಾವು ಕೈಕಟ್ಟಿ ಕೂರಲಿಲ್ಲ ಎಂಬುದನ್ನೂ ತಮ್ಮ ಗಮನಕ್ಕೆ ತರಬಯಸುತ್ತೇನೆ. ನಾನು ಮ್ಯಾಟನ್ನು ಸದ್ದಿಲ್ಲದೆ ಡಿಕ್ಕಿಗೆ ಸೇರಿಸಿದೆ. ತಾವು ಅದು ಜಾರಿಹೋಗುತ್ತಿದೆಯೆಂದು ಭಾವಿಸಿ, ಜಾರದಂತೆ ಮೂಲೆಗಳಿಗೆ ಗುಂಡಿ ಹೊಲಿದು ಕಾರಿನ ನೆಲಕ್ಕೇ ಬಿಗಿದಿರಿ. ತಮ್ಮ ಮಗಳು ಕೈತಪ್ಪಿದಂತೆ ನಟಿಸಿ ಅದರ ಮೇಲೆ ಚಹಾ ಚೆಲ್ಲಿದಳು. ತಾವು ಅದನ್ನು ಒಗೆಯಲು ಹಾಕಿ, ಸಂಜೆಯೊಳಗೆ ಬದಲಿ ವ್ಯವಸ್ಥೆಯಾಗಿ ಇನ್ನೊಂದು ಮ್ಯಾಟು ಹೊಲಿದು ಹಾಸಿದಿರಿ. ಒಗೆದದ್ದು ಒಣಗಿದ ಮೇಲೆ "ಇದನ್ನ ಯಾಕೆ ಸುಮ್ನೆ ಇಡೋದು," ಎಂದು ಅದನ್ನೂ ಮೇಲೆ ಹಾಸಿದಿರಿ. ಈಗ ಆಕ್ಸಿಲರೇಟರಿನ ಕೆಳಗೆ ಒಂದರ ಮೇಲೊಂದು ಎರಡಿವೆ. ತಮ್ಮ ಅಕ್ಕನ ಮನೆಯ ದಾರಿಯಲ್ಲಿ ದೊಡ್ಡ ಏರು, ಅದರಾಚೆ ಇಳಿಜಾರು, ಇಳಿಜಾರಿನ ಕೊನೆಯಲ್ಲಿ ರೈಲ್ವೆ ಗೇಟು.

7. ಇಷ್ಟಾದರೂ ಬಾಯಿಗೆ ಬೀಗ ಹಾಕಿಕೊಂಡದ್ದೇಕೆ ಎಂದು ತಾವು ಕೇಳಬಹುದು. ಹೇಳುತ್ತೇನೆ, ತಪ್ಪಾಗಿ ತಿಳಿಯಬಾರದು.

ನಿವೃತ್ತರಾದ ಮೇಲೆ ತಾವು ಮುಂದಿನ ಕೋಣೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರಿ. ಬೆಳಿಗ್ಗೆ ಆಫೀಸಿನ ಹೊತ್ತಿಗೆ ತಲೆ ಬಾಚಿ, ಪೆನ್ನು ಸಿಕ್ಕಿಸಿಕೊಂಡು ಕೂರುತ್ತಿದ್ದಿರಿ, ಸಂಜೆ ಆಫೀಸು ಬಿಡುವ ಹೊತ್ತಿಗೆ ಏಳುತ್ತಿದ್ದಿರಿ. ನಡುವೆ ಮಾತಿಲ್ಲ. ಊಟಕ್ಕೆ ಕರೆದರೆ "ನಾನೇನು ಕೆಲಸ ಮಾಡಿದೀನಿ ಅಂತ ಊಟ," ಎನ್ನುತ್ತಿದ್ದಿರಿ. ಮಾವನವರು ಅಡುಗೆಮನೆಯಲ್ಲಿ ನಿಂತು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಆಮೇಲೆ ಹೊಲಿಗೆ ಯಂತ್ರ ಬಂತು. ವಾರ ಕಳೆಯುವುದರೊಳಗೆ ರಿಮೋಟಿಗೆ ಅಂಗಿ ಬಂತು, ಗ್ಯಾಸ್ ಸಿಲಿಂಡರಿಗೆ ಲಂಗ ಬಂತು, ಕೊಡೆಗೆ ಚೀಲ ಬಂತು, ಆ ಚೀಲ ಮಾಸಬಾರದೆಂದು ಅದಕ್ಕೊಂದು ಚೀಲ ಬಂತು. ಫ್ರಿಜ್ಜಿನ ಬಾಗಿಲಿಗೆ ಸುತ್ತೋಲೆಗಳು ಬಂದವು. ನಮ್ಮನ್ನೆಲ್ಲ ಬೈಯುವುದಕ್ಕೆ ತಾವು ವಾಪಸ್ ಬಂದಿರಿ.

ಒಂದೇ ಒಂದು ಸಲ, ದಿಂಬಿನ ಚೀಲದ ಕಸೂತಿ ಕೆನ್ನೆಗೆ ಒತ್ತುತ್ತದೆಂದು ಮಾವನವರು ಬಾಯಿತಪ್ಪಿ ಹೇಳಿದರು. ತಾವು ಯಂತ್ರಕ್ಕೆ ಮುಸುಕು ಹಾಕಿ ಮತ್ತೆ ಹೋಗಿ ಕಿಟಕಿಯ ಪಕ್ಕ ಕೂತಿರಿ. ಮಾವನವರು ಮೂರು ದಿನ ತಮ್ಮ ಹಿಂದೆ ಮುಂದೆ ಸುತ್ತಿ, ಕಾಡಿ ಬೇಡಿ ಯಂತ್ರದ ಮುಂದೆ ಕೂರಿಸಿದರು. ಅಂದಿನಿಂದ ಅವರು ಎಡಗೆನ್ನೆಯ ಮೇಲೆ ಹೂವಿನ ಅಚ್ಚು ಹೊತ್ತುಕೊಂಡೇ ಬೆಳಿಗ್ಗೆ ಎದ್ದು ಬರುತ್ತಾರೆ. ಈ ಕಾರಣ ನಮಗೆಲ್ಲ ಭಯ. ಮ್ಯಾಟಿನ ಬಗ್ಗೆ ಹೇಳಿದರೆ ತಾವು ಮತ್ತೆ ಆ ಕುರ್ಚಿಗೆ ಹೋಗುತ್ತೀರಿ, ಹೇಳದಿದ್ದರೆ ಸೋಮವಾರ ಆ ಇಳಿಜಾರಿಗೆ ಹೋಗುತ್ತೀರಿ. ಇವೆರಡರಲ್ಲಿ ಯಾವುದನ್ನೂ ಈ ಮನೆ ತಡೆದುಕೊಳ್ಳಲಾರದು.

8. ಈ ಸಂದರ್ಭದಲ್ಲಿ ತಮ್ಮ ಕೆಳದವಡೆಯ ಸೆಟ್ಟಿನ ವಿಷಯವನ್ನು ನೆನಪಿಸಲು ಇಚ್ಛಿಸುತ್ತೇನೆ. ಅದನ್ನು ಮಾಡಿದವನು ನಾನು. ಹೆಂಡತಿಯ ತಾಯಿಗೆಂದು ಮಾಡಿದ್ದು, ಅದಕ್ಕಿಂತ ಮನಸ್ಸಿಟ್ಟು ನಾನು ಯಾವ ಹಲ್ಲನ್ನೂ ಮಾಡಿಲ್ಲ. ತಾವು ಅದನ್ನು ಒಂದು ದಿನ ಹಾಕಿಕೊಂಡು, ಮಾರನೆಯ ಬೆಳಿಗ್ಗೆ ಲೋಟದಲ್ಲಿಟ್ಟು ನನ್ನ ಮೇಜಿನ ಮೇಲೆ ತಂದಿಟ್ಟು "ಚುಚ್ಚುತ್ತೆ. ಸರಿ ಮಾಡಿ," ಎಂದಿರಿ. ಅಷ್ಟೇ. ಸಿಹಿ ಮಾತಿಲ್ಲ, ಸಂಕೋಚವಿಲ್ಲ. ನನಗೆ ಒಳಗೊಳಗೇ ಚುರುಕ್ಕೆಂದಿದ್ದು ನಿಜ. ನೀಲಿ ಕಾಗದ ಇಟ್ಟೆ, ಒಂದು ಕೂದಲೆಳೆಯಷ್ಟು ಉಜ್ಜಿದೆ. ಅಂದಿನಿಂದ ತಾವು ಕಡಲೆಕಾಯಿ ತಿನ್ನುತ್ತಿದ್ದೀರಿ. ನಾನು ಹಲ್ಲು ಮಾಡುವುದನ್ನು ಬಿಟ್ಟು ಕಿಟಕಿಯ ಪಕ್ಕ ಕೂರಲಿಲ್ಲ. ಸೆಟ್ಟು ಕೆಟ್ಟದ್ದೆಂದು ತಾವು ಹೇಳಿರಲಿಲ್ಲ, ಚುಚ್ಚುತ್ತದೆ ಎಂದಷ್ಟೇ ಹೇಳಿದ್ದಿರಿ. ಇದೂ ಅಷ್ಟೇ. ಮ್ಯಾಟು ಕೆಟ್ಟದ್ದಲ್ಲ, ಪೆಡಲಿಗೆ ತಾಗುತ್ತದೆ.

9. ಮಾವನವರು ತಮ್ಮ ಮುಂದೆ ಬಂದು ಇದನ್ನು ಹೇಳಲು ಇಂದು ಬೆಳಿಗ್ಗೆ ತಾವು ವಾಕಿಂಗಿಗೆ ಹೊರಡುವ ಮುನ್ನ ಮಹಡಿ ಇಳಿದು ಹೋಗಿದ್ದರು. ವಾಪಸ್ ಬಂದು "ನೀರು ಕುಡಿಯೋಕೆ ಹೋಗಿದ್ದೆ," ಎಂದರು.

ಆದ್ದರಿಂದ, ಮೇಲೆ ನಿವೇದಿಸಿದ ಎಲ್ಲ ಕಾರಣಗಳಿಂದ, ಈ ಕೆಳಗಿನಂತೆ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ.

ಅ. ಚಾಲಕರ ಕಾಲಡಿಯಿಂದ ಎರಡೂ ಮ್ಯಾಟುಗಳನ್ನು, ಗುಂಡಿಗಳ ಸಮೇತ, ಹಿಂದಿನ ಸೀಟಿನ ಕೆಳಗೆ ವರ್ಗಾಯಿಸುವುದು. ಅಲ್ಲಿ ಪೆಡಲುಗಳಿಲ್ಲ, ಮಾವನವರ ಪಾದಗಳು ಮಾತ್ರ ಇರುತ್ತವೆ. ಅವರು ಒಪ್ಪಿದ್ದಾರೆ. ಇದನ್ನು ಹಿಂಬಡ್ತಿಯೆಂದು ಪರಿಗಣಿಸಬಾರದು.

ಆ. ವರ್ಗಾವಣೆಯ ನಂತರ ತಾವೇ ಚಾಲಕರ ಸೀಟಿನಲ್ಲಿ ಕೂತು, ಇಂಜಿನ್ ಆರಿಸಿಟ್ಟು, ಪೆಡಲನ್ನು ಪೂರ್ತಿ ಒತ್ತಿ ಬಿಟ್ಟು ನೋಡುವುದು. ಅದು ತಾನಾಗಿ ಮೇಲೆದ್ದು ಬರುವುದನ್ನು ನಾವೆಲ್ಲ ಹೇಳುವುದಕ್ಕಿಂತ ತಮ್ಮ ಪಾದವೇ ಚೆನ್ನಾಗಿ ಹೇಳುತ್ತದೆ.

ಇ. ತಾವು ಕೂತಾಗ ಸ್ಟೇರಿಂಗಿನ ಮೇಲಿಂದ ರಸ್ತೆ ಪೂರ್ತಿ ಕಾಣುವುದಿಲ್ಲ, ಕತ್ತು ಚಾಚುತ್ತೀರಿ. ಡ್ರೈವಿಂಗ್ ಶಾಲೆಯವರು ತಮಗೆ ಒಂದು ಹಳೆಯ ಟೆಲಿಫೋನ್ ಡೈರೆಕ್ಟರಿ ಹಾಕಿ ಕೂರಿಸುತ್ತಿದ್ದರಂತೆ. ಸೋಮವಾರದೊಳಗೆ ತಮ್ಮದೇ ಅಳತೆಗೆ ಗಟ್ಟಿಯಾದ ಒಂದು ದಿಂಬು ಬೇಕಾಗಿದೆ. ಅದನ್ನು ಹೊಲಿಯಬಲ್ಲವರು ಈ ಮನೆಯಲ್ಲಿ ಒಬ್ಬರೇ. ಕೆಲಸ ತುರ್ತು, ಆದ್ದರಿಂದ ಇಂದೇ ಯಂತ್ರದ ಮುಂದೆ ಕೂರಬೇಕು.

ಇಂತಿ,
ತಮ್ಮ ವಿಶ್ವಾಸಿ, ತಮ್ಮ ಮಗಳ ಗಂಡ, ಹಾಗೂ ತಮ್ಮ ಕೈಲಿ ಬೈಸಿಕೊಳ್ಳುವುದನ್ನು ಕಳೆದುಕೊಳ್ಳಲು ಇಷ್ಟವಿಲ್ಲದ
ಅಳಿಯ
(ಸಹಿ)

ಅಡಕಗಳು:
1. ಪೆಡಲು ಕಚ್ಚಿದ ಗುರುತಿರುವ ನೀಲಿ ಕಾಗದ, ಒಂದು.
2. ಅನ್ಯಾಯವಾಗಿ ಕಿತ್ತುಹಾಕಲಾದ ಕೇಬಲ್ಲುಗಳು, ಸುರುಳಿ ಸುತ್ತಿ.
3. ಮೆಕ್ಯಾನಿಕ್ಕನ ಹೇಳಿಕೆ: "ಅಮ್ಮಂಗೆ ನಾನು ಹೇಳಿದೆ ಅಂತ ಹೇಳ್ಬೇಡಿ." (ಸಹಿ ಮಾಡಲು ನಿರಾಕರಿಸಿದ್ದಾನೆ.)
4. ಮಾವನವರ ಒಪ್ಪಿಗೆ. (ತಲೆಯಾಡಿಸಿದ್ದಾರೆ. ಲಿಖಿತವಾಗಿ ಕೊಟ್ಟಿಲ್ಲ.)

ಕೊನೆಯ ಕೋರಿಕೆ: ಮೇಲಿನ ಮೂರೂ ಕೋರಿಕೆಗಳು ತಿರಸ್ಕೃತವಾದ ಪಕ್ಷದಲ್ಲಿ, ಸೋಮವಾರ ಬೆಳಿಗ್ಗೆ ತಮ್ಮ ಪಕ್ಕದ ಸೀಟನ್ನು ನನಗೆ ಮಂಜೂರು ಮಾಡತಕ್ಕದ್ದು. ಗೇರಿನ ಬಗ್ಗೆ ಸಲಹೆ ಕೊಡುವುದಿಲ್ಲ, ಹಾರ್ನ್ ಒತ್ತಿ ಎನ್ನುವುದಿಲ್ಲ, ಮ್ಯಾಟಿನ ಸುದ್ದಿ ಎತ್ತುವುದಿಲ್ಲ. ತಾವು ಒಬ್ಬರೇ ಆ ಇಳಿಜಾರಿನಲ್ಲಿರುವಾಗ ಮನೆಯಲ್ಲಿ ಕೂತು ಯಾರದೋ ಹಲ್ಲು ಉಜ್ಜುತ್ತಿರುವುದು ನನ್ನಿಂದಾಗದು. ರೈಲ್ವೆ ಗೇಟಿನವರೆಗೆ ಜೊತೆಗೆ ಬರುತ್ತೇನೆ. ಗೇಟು ತೆರೆದಿದ್ದು, ಕಾರು ಅದನ್ನು ದಾಟಿ ನಿಂತರೆ, ಅಲ್ಲೇ ಇಳಿದು ನಡೆದುಕೊಂಡು ವಾಪಸ್ ಬರುತ್ತೇನೆ.